ಎಂಜಿನ್ ನಡುಕದ ಮೀಮಾಂಸೆ

ಕಾರು ನಡುಗುತ್ತಿದೆ ಎಂದರೆ ಆಂಧ್ರ-ಕರ್ನಾಟಕ ಗಡಿಯ ರಾಯದುರ್ಗದ ಶೆಡ್ಡುಗಳಲ್ಲಿ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದುಬಿಡುತ್ತದೆ: "ಮೌಂಟಿಂಗ್ ಹೋಗೈತಣ್ಣಾ." ಮಡಕಶಿರದ ಕಡೆ ಅದೇ ನಡುಕಕ್ಕೆ ಎದುರುಪ್ರಶ್ನೆ ಬರುತ್ತದೆ: "ಎಣ್ಣೆ ಎಲ್ಲಿ ಹಾಕಿಸಿದ್ರಿ, ಈ ಕಡೇನೋ ಆ ಕಡೇನೋ?" ಎರಡೂ ಅನುಭವದಿಂದ ಬಂದ ಮಾತುಗಳೇ, ಎಷ್ಟೋ ಸಲ ನಿಜವೂ ಆಗುತ್ತವೆ. ನಿಜವಾದ ಮಾತ್ರಕ್ಕೆ ಅದು ನಿರ್ಣಯ ಆಗುವುದಿಲ್ಲ ಎಂಬುದು ನನ್ನ ತಕರಾರು. ಮೀಮಾಂಸಕರು ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗ ಹೇಳುತ್ತಿದ್ದರು. ಯಜ್ಞದ ವಿಧಿವಾಕ್ಯಗಳನ್ನು ಬಿಡಿಸಲು ಮಾಡಿಕೊಂಡ ಆ ಕ್ರಮವನ್ನು ಕಾರಿನ ನಡುಕಕ್ಕೆ ಹಚ್ಚುವುದು ಚೇಷ್ಟೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಪೂರ್ವಪಕ್ಷವನ್ನು ಎದುರಾಳಿಗಿಂತ ಚೆನ್ನಾಗಿ ಹೇಳಿ ಆಮೇಲೆ ಉತ್ತರ ಕೊಡುವ ಶಿಸ್ತು ಗ್ಯಾರೇಜಿನಲ್ಲಿ ಇದ್ದಿದ್ದರೆ ಎಂಜಿನ್ನನ್ನು ಹೊರುವ ಎಷ್ಟೋ ಒಳ್ಳೆಯ ರಬ್ಬರ್ ಮೌಂಟಿಂಗ್‌ಗಳು ಗುಜರಿ ಸೇರುತ್ತಿರಲಿಲ್ಲ.

ಗಡಿ ಊರುಗಳಲ್ಲಿ ತಪ್ಪು ನಿರ್ಣಯಕ್ಕೆ ಬೆಲೆಯೂ ಜಾಸ್ತಿ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರಕ್ಕೆ ಸೇರಿತು. ಕಚೇರಿ ಅತ್ತ ಹೋದರೂ ಪೇಟೆ ಇತ್ತಲೇ ಉಳಿಯಿತು. ಊರಲ್ಲಿ ಸಿಗದ ಸಾಮಾನಿಗೆ ಇವತ್ತಿಗೂ ಡಿ. ಹಿರೇಹಾಳ್, ಓಬಳಾಪುರಂ ದಾರಿ ಹಿಡಿದು ಬಳ್ಳಾರಿಗೇ ಹೋಗಬೇಕು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರದವರು ಹಿಂದೂಪುರಕ್ಕೋ ಶಿರಾಕ್ಕೋ ಹೋಗುತ್ತಾರೆ. ಪೆನುಕೊಂಡದ ಹತ್ತಿರ ಎರ್ರಮಂಚಿಯ ಕಿಯಾ ಕಾರ್ಖಾನೆಯಲ್ಲಿ 2019ರಿಂದ ಕಾರುಗಳೇ ತಯಾರಾಗುತ್ತಿವೆ, ನಿಜ. ಹತ್ತು ವರ್ಷ ಹಳೆಯ ಬೇರೊಂದು ಗಾಡಿಯ ಇಗ್ನಿಷನ್ ಕಾಯಿಲ್ ಹುಡುಕುವವನಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ತಪ್ಪು ಸಾಮಾನು ತಂದರೆ ಒಂದು ದಿನ ಹಾಳು. ಎಲೆಕ್ಟ್ರಿಕಲ್ ಸಾಮಾನಾದರೆ ಅಂಗಡಿಯವನು ವಾಪಸ್ಸೂ ತೆಗೆದುಕೊಳ್ಳುವುದಿಲ್ಲ.

ವಿಷಯ

ನಡುಗದ ಎಂಜಿನ್ ಇಲ್ಲ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರ್ ಒಂದೇ ಸಲ ಉರಿಯುತ್ತದೆ. ನಾಲ್ಕು ಸಿಲಿಂಡರ್ ಇದ್ದರೆ ಸುತ್ತಿಗೆ ಎರಡು ಏಟು, ಮೂರಿದ್ದರೆ ಒಂದೂವರೆ. ಐಡ್ಲಿಂಗ್‌ನಲ್ಲಿ ನಿಮಿಷಕ್ಕೆ 800 ಸುತ್ತು ಎಂದಿಟ್ಟುಕೊಳ್ಳಿ; ಸೆಕೆಂಡಿಗೆ 13 ಸುತ್ತು ಚಿಲ್ಲರೆ ಆಯಿತು. ನಾಲ್ಕು ಸಿಲಿಂಡರಿನ ಗಾಡಿಯಲ್ಲಿ ಸೆಕೆಂಡಿಗೆ ಸುಮಾರು 27 ಏಟು, ಮೂರರದರಲ್ಲಿ 20. ಏಟುಗಳು ಒಂದೇ ಅಂತರಕ್ಕೆ, ಒಂದೇ ಬಲದಲ್ಲಿ ಬೀಳುತ್ತಿದ್ದರೆ ಸೀಟಿನಲ್ಲಿ ಕೂತವರಿಗೆ ಅದು ಸಣ್ಣ ಗುಂಯ್‌ಗುಟ್ಟುವಿಕೆ, ಅಷ್ಟೇ. ಒಂದು ಸಿಲಿಂಡರ್ ಉರಿಯದಿದ್ದರೆ ಎರಡು ಸುತ್ತಿಗೊಮ್ಮೆ ಒಂದು ಏಟು ತಪ್ಪುತ್ತದೆ, ಅಂದರೆ ಸೆಕೆಂಡಿಗೆ ಆರೇಳು ಸಲ. ಮೆಕ್ಯಾನಿಕ್‌ಗಳು 'ಮಿಸ್ಸಿಂಗ್' ಎನ್ನುವುದು ಇದಕ್ಕೇ. ಕೂತವರ ಮೈಗೆ ಚೆನ್ನಾಗಿ ಹತ್ತುವುದೂ ಈ ನಿಧಾನದ ಕುಲುಕಾಟವೇ.

ಉರಿಯುವುದಲ್ಲದೆ ಪಿಸ್ಟನ್‌ಗಳ ಓಡಾಟದ್ದೂ ಒಂದು ಲೆಕ್ಕವಿದೆ. ಸಾಲಾಗಿ ನಾಲ್ಕು ಸಿಲಿಂಡರ್ ಇರುವಲ್ಲಿ ಎರಡು ಪಿಸ್ಟನ್ ಏರುವಾಗ ಎರಡು ಇಳಿಯುತ್ತವೆ. ಆದರೆ ಕನೆಕ್ಟಿಂಗ್ ರಾಡು ಓರೆಯಾಗುವುದರಿಂದ ಏರುವವಕ್ಕೂ ಇಳಿಯುವವಕ್ಕೂ ವೇಗ ಸರಿಸಮ ಇರುವುದಿಲ್ಲ. ಸುತ್ತಿಗೆ ಎರಡು ಸಲದ ಒಂದು ಅದುರು ಉಳಿದೇ ಉಳಿಯುತ್ತದೆ. ಮೂರು ಸಿಲಿಂಡರಿನದರಲ್ಲಿ ಮೇಲೆ ಕೆಳಗಿನ ಬಲಗಳು ಒಂದನ್ನೊಂದು ತಿಂದುಹಾಕುತ್ತವೆ, ಈ ತುದಿ ಎದ್ದಾಗ ಆ ತುದಿ ಬೀಳುವ ತೂಗಾಟ ಮಾತ್ರ ಹೋಗುವುದಿಲ್ಲ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ 796 ಸಿಸಿಯ ಮಾರುತಿ 800 ಮೂರು ಸಿಲಿಂಡರಿನದೇ. ಅದರಲ್ಲಿ ಡ್ರೈವಿಂಗ್ ಕಲಿತ ತಲೆಮಾರಿಗೆ ಗೇರ್ ಲಿವರಿನ ತಲೆ ಅಲ್ಲಾಡುತ್ತಿರುವುದೇ ಎಂಜಿನ್ ಬದುಕಿರುವ ಗುರುತಾಗಿತ್ತು.

ಸಂಶಯ

ಸಂಶಯವನ್ನು ಸರಿಯಾಗಿ ಇಟ್ಟುಕೊಳ್ಳುವುದರಲ್ಲೇ ಅರ್ಧ ಕೆಲಸ. "ಯಾವ ಸಾಮಾನು ಹೋಗಿದೆ?" ಎಂದು ಶುರುಮಾಡಬಾರದು. "ಈ ನಡುಕ ಯಾವುದರ ಲೆಕ್ಕ ಹಿಡಿದು ಬರುತ್ತಿದೆ?" ಎಂದು ಕೇಳಬೇಕು. ಎಂಜಿನ್ನಿನ ಸುತ್ತಿನದೋ, ಚಕ್ರದ ಸುತ್ತಿನದೋ, ಎಂಜಿನ್ ಮೇಲೆ ಬೀಳುವ ಭಾರದ್ದೋ? ಇದು ತೀರ್ಮಾನವಾಗುವವರೆಗೆ ಸ್ಪ್ಯಾನರ್ ಮುಟ್ಟಬಾರದು ಎಂಬುದೇ ನನ್ನ ಸಿದ್ಧಾಂತ. ಉಳಿದದ್ದೆಲ್ಲ ಇದರ ವಿಸ್ತಾರ.

ಕೈಯನ್ನಾಗಲಿ ಕಿವಿಯನ್ನಾಗಲಿ ಇಲ್ಲಿ ನಂಬುವಂತಿಲ್ಲ. ಚಿಕ್ಕ ಕಾರು 80 ಕಿ.ಮೀ. ವೇಗದಲ್ಲಿ ಹೋಗುವಾಗ ಅದರ ಚಕ್ರ ಸೆಕೆಂಡಿಗೆ ಸುಮಾರು 12 ಸಲ ಸುತ್ತುತ್ತದೆ. ಐಡ್ಲಿಂಗ್‌ನ ಎಂಜಿನ್ 13 ಸಲ. ಸ್ಟೇರಿಂಗ್ ಹಿಡಿದ ಕೈಗೆ ಇವೆರಡರ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಪ್ರತ್ಯಕ್ಷವೇ ಹೀಗೆ ಎಡವುವಾಗ ಉಳಿಯುವ ದಾರಿ ಅನ್ವಯ-ವ್ಯತಿರೇಕ: ಒಂದನ್ನು ಹಾಗೇ ಇಟ್ಟು ಇನ್ನೊಂದನ್ನು ಬದಲಿಸುವುದು, ಯಾವುದನ್ನು ಬದಲಿಸಿದಾಗ ನಡುಕ ಬದಲಾಯಿತೆಂದು ನೋಡುವುದು.

ಮೊದಲು ನಿಂತಲ್ಲೇ ನೋಡಬೇಕು. ನ್ಯೂಟ್ರಲ್‌ನಲ್ಲಿ ನಿಧಾನವಾಗಿ ರೇಸ್ ಮಾಡುತ್ತ 3000 ಸುತ್ತಿನವರೆಗೆ ಏರಿಸಿ. ನಡುಕ ಐಡ್ಲಿಂಗ್‌ನಲ್ಲಿ ಜೋರಾಗಿದ್ದು ಮೇಲೆ ಹೋದಂತೆ ಕರಗಿದರೆ ಉರಿಯುವಲ್ಲಿ ಅಥವಾ ಗಾಳಿಯ ಸೋರಿಕೆಯಲ್ಲಿ ಹುಡುಕಬೇಕು. ಸುತ್ತಿನ ಜೊತೆ ಏರುತ್ತಲೇ ಹೋದರೆ ತಿರುಗುವ ಯಾವುದೋ ಒಂದರ ತೂಕ ಏರುಪೇರಾಗಿದೆ. ನಡುವೆ ಯಾವುದೋ ಒಂದೇ ಸುತ್ತಿನಲ್ಲಿ ಬುರ್ರ್ ಎಂದು ಎದ್ದು ಮತ್ತೆ ಅಡಗಿದರೆ ಎಂಜಿನ್ನನ್ನು ಬಿಟ್ಟುಬಿಡಿ. ಸೈಲೆನ್ಸರ್ ಪೈಪಿನ ರಬ್ಬರ್ ಹರಿದು ಪೈಪು ತಳಕ್ಕೆ ತಾಗುತ್ತಿರಬಹುದು, ಶಾಖ ತಡೆಯುವ ತಗಡಿನ ಬೋಲ್ಟ್ ಸಡಿಲಾಗಿರಬಹುದು. ಕ್ಲಚ್ ಒತ್ತಿದಾಗ ಬದಲಾದರೆ ಕ್ಲಚ್ಚೋ ಗೇರ್ ಬಾಕ್ಸಿನ ಬೇರಿಂಗೋ. ಏಸಿ ಹಾಕಿದಾಗ ಮಾತ್ರ ಬಂದರೆ ಕಂಪ್ರೆಸರಿನ ಭಾರಕ್ಕೆ ಐಡ್ಲಿಂಗ್ ತಕ್ಕಷ್ಟು ಏರುತ್ತಿಲ್ಲ, ಅಥವಾ ರೇಡಿಯೇಟರ್ ಫ್ಯಾನಿನ ಒಂದು ರೆಕ್ಕೆ ಮುರಿದಿದೆ.

ಆಮೇಲೆ ರಸ್ತೆ. 80ರ ವೇಗವನ್ನು ನಾಲ್ಕನೇ ಗೇರಿನಲ್ಲೂ ಐದನೇ ಗೇರಿನಲ್ಲೂ ಹಿಡಿದು ನೋಡಬೇಕು. ಚಕ್ರದ ವೇಗ ಅದೇ, ಎಂಜಿನ್ನಿನ ಸುತ್ತು ಬೇರೆ. ಗೇರಿನ ಜೊತೆ ನಡುಕವೂ ಬದಲಾದರೆ ಎಂಜಿನ್ನಿನ ಕಡೆಯದು, ಬದಲಾಗದಿದ್ದರೆ ಚಕ್ರದ ಕಡೆಯದು. ಹಿಂದೆ ಮುಂದೆ ಯಾರೂ ಇಲ್ಲದ ಸಮತಟ್ಟು ರಸ್ತೆಯಲ್ಲಿ ಒಂದು ಕ್ಷಣ ನ್ಯೂಟ್ರಲ್‌ಗೆ ಹಾಕಿಯೂ ನೋಡಬಹುದು. ಎಂಜಿನ್ ಆಫ್ ಮಾತ್ರ ಮಾಡಬಾರದು; ಬ್ರೇಕೂ ಸ್ಟೇರಿಂಗೂ ಕಲ್ಲಾಗುತ್ತವೆ.

ನ್ಯೂಟ್ರಲ್ ಪರೀಕ್ಷೆಯೊಂದನ್ನೇ ನೆಚ್ಚಿಕೊಂಡವರೂ ಎಡವುತ್ತಾರೆ. ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟು ಸವೆದಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಗಾಡಿ ನಡುಗುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ನಡುಕ ಮಾಯವಾಗುವುದರಿಂದ ತಪ್ಪು ಎಂಜಿನ್ನಿನ ತಲೆಗೆ ಬರುತ್ತದೆ. ಬೊಲೆರೊದಂಥ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಕೂಡ ಇದೇ ಆಟ ಆಡುತ್ತದೆ. ಭಾರ ತೆಗೆದದ್ದನ್ನೇ ನಾವು ಎಂಜಿನ್ ತೆಗೆದದ್ದೆಂದು ಭ್ರಮಿಸಿರುತ್ತೇವೆ. ಎರಡು ಗೇರಿನ ಪರೀಕ್ಷೆ ಬೇಕಾಗುವುದು ಇಲ್ಲೇ.

ಮೌಂಟಿಂಗ್ ಪಕ್ಷ

ಈ ಪಕ್ಷಕ್ಕೆ ಬಲವಿದೆ, ಮೊದಲು ಅದನ್ನು ಒಪ್ಪಿಕೊಳ್ಳೋಣ. ಅನಂತಪುರ ಸೀಮೆಯಲ್ಲಿ ವರ್ಷದ ಮಳೆ 550 ಮಿ.ಮೀ. ಆಸುಪಾಸು; ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಣೇಕಲ್ಲು, ಬೊಮ್ಮನಹಾಳ್ ಕಡೆ ಹಗರಿ ಹೊಳೆಯ ಮರಳು ಗಾಳಿಗೆ ಎದ್ದು ದಿಬ್ಬವಾಗಿ ಕೂರುತ್ತದೆ. ಓಬಳಾಪುರಂ ಗಣಿಗಾರಿಕೆಯ ಭರದಲ್ಲಿ ಅದಿರು ಲಾರಿಗಳು ಆ ಸೀಮೆಯ ರಸ್ತೆಗಳಿಗೆ ಏನು ಮಾಡಿದವೆಂದು ಬಳ್ಳಾರಿಗೆ ಓಡಾಡಿದವರ ಬೆನ್ನಿಗೇ ಗೊತ್ತು. ಇಷ್ಟೆಲ್ಲದರ ನಡುವೆ ಎರಡು ಲೋಹದ ತುಂಡುಗಳ ಮಧ್ಯದ ರಬ್ಬರ್ ಬೇಗ ಬಿರಿಯದೆ ಏನು ಮಾಡೀತು? ಮೇಲೆ ಟ್ಯಾಪೆಟ್ ಕವರಿನಿಂದ ಎಂಜಿನ್ ಆಯಿಲ್ ತೊಟ್ಟಿಕ್ಕುತ್ತಿದ್ದರೆ ರಬ್ಬರ್ ಊದಿ ಮೆತ್ತಗಾಗಿ ಹೋಗುತ್ತದೆ. ಒಳಗೆ ದ್ರವ ತುಂಬಿದ ಮೌಂಟಿಂಗ್ ಒಡೆದರೆ ಬ್ರ್ಯಾಕೆಟ್ಟಿನ ಕೆಳಗೆ ಜಿಡ್ಡಿನ ಕಲೆ ಕಾಣುತ್ತದೆ. ಹಾಗಾಗಿ ನಡುಕ ಎಂದೊಡನೆ ಮೌಂಟಿಂಗ್ ಹೆಸರು ಬಾಯಿಗೆ ಬರುವುದು ಸಹಜ.

ಉತ್ತರ ಇಷ್ಟು: ಮೌಂಟಿಂಗ್ ನಡುಕ ಹುಟ್ಟಿಸುವುದಿಲ್ಲ, ಹುಟ್ಟಿದ್ದನ್ನು ತಡೆಯುತ್ತದೆ. ನಡುಗೋಡೆ ಬಿದ್ದಮೇಲೆ ಪಕ್ಕದ ಮನೆಯ ಜಗಳ ಕೇಳಿಸತೊಡಗಿದರೆ ಜಗಳಕ್ಕೆ ಗೋಡೆ ಕಾರಣ ಎನ್ನಲಾಗುವುದಿಲ್ಲ. ಆದ್ದರಿಂದ ನೋಡಬೇಕಾದದ್ದು ಎಂಜಿನ್ನೇ ಕೆಟ್ಟದಾಗಿ ಕುಣಿಯುತ್ತಿದೆಯೋ, ಅಥವಾ ಎಂಜಿನ್ನಿನ ಮಾಮೂಲಿ ಕುಣಿತ ಗಾಡಿಯ ಮೈಗೆ ದಾಟುತ್ತಿದೆಯೋ ಎಂಬುದು. ಸೈಲೆನ್ಸರ್ ಬಾಯಿಗೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿಯಿರಿ. ಹೊಗೆಯ ಉಸಿರು ಒಂದೇ ಸಮನೆ ಬಡಿಯುತ್ತಿದ್ದು ಸ್ಟೇರಿಂಗ್ ಮಾತ್ರ ಅದುರುತ್ತಿದ್ದರೆ ಗೋಡೆ ಬಿದ್ದಿದೆ. ಉಸಿರು ನಡುನಡುವೆ ತಪ್ಪಿ ಪುಸ್ ಎಂದರೆ ಜಗಳ ಒಳಗೇ ಇದೆ. ಮೌಂಟಿಂಗ್ ಮೇಲೆ ಸಂಶಯ ಗಟ್ಟಿಯಾದರೆ ಹ್ಯಾಂಡ್‌ಬ್ರೇಕೂ ಕಾಲ್‌ಬ್ರೇಕೂ ಹಿಡಿದು, ಕಾರಿನ ಮುಂದೆ ಹಿಂದೆ ಯಾರನ್ನೂ ನಿಲ್ಲಿಸದೆ, ಮೊದಲನೇ ಗೇರಿನಲ್ಲಿ ಒಮ್ಮೆ, ರಿವರ್ಸಿನಲ್ಲಿ ಒಮ್ಮೆ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಡಿ. ಎತ್ತಿಟ್ಟ ಬಾನೆಟ್ಟಿನ ಪಕ್ಕದಿಂದ ನೋಡುವವರಿಗೆ ಎಂಜಿನ್ ಸ್ವಲ್ಪ ವಾಲುವುದು ಕಾಣುತ್ತದೆ, ಅದು ಸರಿ. ಎದ್ದು ದಡ್ ಎಂದು ಕೂತರೆ ಮೌಂಟಿಂಗ್ ಹೋಗಿದೆ.

ಇದರಲ್ಲಿ ಇನ್ನೂ ಒಂದು ಸಿಕ್ಕಿದೆ. ಬಹಳ ದಿನ ಮಿಸ್ಸಿಂಗ್ ಇರುವ ಎಂಜಿನ್ ತನ್ನ ಮೌಂಟಿಂಗನ್ನು ತಾನೇ ಹರಿದುಹಾಕುತ್ತದೆ. ಆಗ ಹರಿದ ಮೌಂಟಿಂಗ್ ಕಣ್ಣಿಗೆ ಕಾಣುತ್ತದೆ, ಮಿಸ್ಸಿಂಗ್ ಕಾಣುವುದಿಲ್ಲ. ಹೊಸ ಮೌಂಟಿಂಗ್ ಹಾಕಿದರೆ ನಡುಕ ಮುಕ್ಕಾಲು ಪಾಲು ಅಡಗಿ ಎಲ್ಲರಿಗೂ ಸಮಾಧಾನವಾಗುತ್ತದೆ, ಕೆಲವು ವಾರಗಳ ಮಟ್ಟಿಗೆ.

ಮೂರು ಸಿಲಿಂಡರ್ ಪಕ್ಷ

"ಇದು ಮೂರು ಸಿಲಿಂಡರ್ ಗಾಡಿ ಸಾರ್, ಇದರ ಗುಣವೇ ಇಷ್ಟು." ಶೋರೂಮಿನಿಂದ ಶೆಡ್ಡಿನವರೆಗೆ ಎಲ್ಲರಿಗೂ ಅನುಕೂಲವಾದ ಪಕ್ಷ ಇದು, ಏಕೆಂದರೆ ಕೆಲಸ ಮಾಡುವ ಗೋಜೇ ಇಲ್ಲ. ಸ್ವಭಾವ ಮೊದಲ ದಿನದಿಂದ ಇರುತ್ತದೆ, ರೋಗ ನಡುವೆ ಬರುತ್ತದೆ. ಕಳೆದ ಯುಗಾದಿಗೆ ಇಲ್ಲದ ನಡುಕ ಈ ಯುಗಾದಿಗೆ ಇದ್ದರೆ ಸಿಲಿಂಡರ್ ಎಣಿಸುವುದರಿಂದ ಪ್ರಯೋಜನವಿಲ್ಲ. ಗಾಡಿ ಕೊಂಡದ್ದೇ ಸೆಕೆಂಡ್ ಹ್ಯಾಂಡ್ ಆಗಿದ್ದರೆ ಉಪಮಾನ ಪ್ರಮಾಣಕ್ಕೆ ಹೋಗಿ: ಅದೇ ಮಾಡೆಲ್ಲಿನ ಇನ್ನೊಂದು ಗಾಡಿಯಲ್ಲಿ ಎರಡು ನಿಮಿಷ ಕೂತು ನೋಡಿ.

ಎಣ್ಣೆ ಪಕ್ಷ

ಕೆಲವು ವರ್ಷಗಳಿಂದ ಕರ್ನಾಟಕದ ಬಂಕುಗಳಲ್ಲಿ ದರ ಆಂಧ್ರಕ್ಕಿಂತ ಕಡಿಮೆ. ಹಾಗಾಗಿ ಮಡಕಶಿರ, ಅಮರಾಪುರಂ, ಅಗಳಿ ಕಡೆಯವರು ಗಡಿ ದಾಟಿದಾಗೆಲ್ಲ ಟ್ಯಾಂಕ್ ತುಂಬಿಸಿಕೊಂಡೇ ಬರುತ್ತಾರೆ. ಗಾಡಿ ಕೆಟ್ಟಾಗ ಮೊದಲ ಅಪವಾದ ಆ ಕಡೆಯ ಎಣ್ಣೆಯ ಮೇಲೆ. (ಈ ಕಡೆ ತುಂಬಿಸಿದ ಕರ್ನಾಟಕದವರೂ ಇದೇ ಮಾತನ್ನು ತಿರುಗಿಸಿ ಹೇಳುತ್ತಾರೆ, ಅಪವಾದಕ್ಕೆ ಚೆಕ್‌ಪೋಸ್ಟ್ ಇಲ್ಲ.) ಇದರ ಪರವಾಗಿ ಹೇಳಬಹುದಾದದ್ದು: ಡೀಸೆಲ್ಲಿಗೆ ನೀರು ಸೇರಿದರೆ, ಸೀಮೆಎಣ್ಣೆ ಬೆರೆತರೆ, ಎಂಜಿನ್ ಒರಟಾಗುವುದು ಖಂಡಿತ. ಎಥನಾಲ್ ಇರುವ ಪೆಟ್ರೋಲ್ ತೇವ ಹೀರುವುದೂ ನಿಜ.

ಆದರೆ ಟ್ಯಾಂಕ್ ಎಲ್ಲ ಸಿಲಿಂಡರ್‌ಗಳಿಗೂ ಒಂದೇ. ಎಣ್ಣೆ ಕೆಟ್ಟಿದ್ದರೆ ಎಲ್ಲವೂ ಬಳಲಬೇಕು: ಪಿಕಪ್ ಕುಗ್ಗಬೇಕು, ಬೆಳಿಗ್ಗೆ ಸ್ಟಾರ್ಟ್ ಮಾಡಲು ಸೆಲ್ಫ್ ಎಳೆದಾಡಬೇಕು, ತುಂಬಿಸಿದ ಸ್ವಲ್ಪ ಹೊತ್ತಿನಲ್ಲೇ ಶುರುವಾಗಿ ಆ ಎಣ್ಣೆ ಮುಗಿದಾಗ ನಿಲ್ಲಬೇಕು. ಎರಡು ಸುತ್ತಿಗೊಮ್ಮೆ ತಪ್ಪದೆ ಒಂದೇ ಏಟು ತಪ್ಪುತ್ತಿದ್ದರೆ ಒಂದು ಸಿಲಿಂಡರ್ ಮಾತ್ರ ಕೆಟ್ಟಿದೆ. ಎಲ್ಲರಿಗೂ ಸಮಾನವಾದ ಕಾರಣದಿಂದ ಒಬ್ಬನಿಗೆ ಮಾತ್ರ ಆದ ಕಾರ್ಯವನ್ನು ವಿವರಿಸಲು ಬರುವುದಿಲ್ಲ. "ಕೊಳೆ ಎಣ್ಣೆಯಿಂದಲೇ ಒಂದು ನಾಜಲ್ ಕಟ್ಟಿಕೊಂಡಿರಬಹುದಲ್ಲ?" ಎಂದರೆ ಹೌದು, ಇರಬಹುದು. ಹಾಗಿದ್ದರೂ ಈಗ ಬಂಕ್ ಬದಲಿಸಿ ಫಲವಿಲ್ಲ, ನಾಜಲನ್ನೇ, ಅಂದರೆ ಇಂಜೆಕ್ಟರನ್ನೇ, ನೋಡಬೇಕು.

ನೋಡುವ ಬಗೆ ಹೀಗೆ. ಪೆಟ್ರೋಲ್ ಗಾಡಿಯಲ್ಲಿ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಕಳಚಬೇಕು. ಕಾಯಿಲ್ ಕಳಚುವುದಕ್ಕಿಂತ ಇದು ಮೇಲು. ಉರಿಯದ ಪೆಟ್ರೋಲ್ ಸೈಲೆನ್ಸರಿಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುವುದಿಲ್ಲ. ಒಂದನೆಯದನ್ನು ಕಳಚಿದರೆ ಎಂಜಿನ್ ಕುಗ್ಗಿ ಇನ್ನೇನು ನಿಂತೇಬಿಡುತ್ತದೆ ಎನ್ನಿಸುತ್ತದೆ, ಮತ್ತೆ ಕೂರಿಸಿ. ಮೂರನೆಯದೂ ಹಾಗೇ. ಎರಡನೆಯದನ್ನು ಕಳಚಿದಾಗ ಮಾತ್ರ ಏನೂ ಆಗುವುದಿಲ್ಲ. ಅದೇ ಕುಲುಕಾಟ, ಅದೇ ಸದ್ದು. ಏನೂ ಆಗದ ಆ ಸಿಲಿಂಡರೇ ಕೆಲಸ ಬಿಟ್ಟದ್ದು. ಹಳೆಯ ಪಂಪಿನ ಡೀಸೆಲ್ ಗಾಡಿಗಳಲ್ಲಿ ನಾಜಲ್ ಪೈಪಿನ ನಟ್ ಸಡಿಲಿಸಿ ಇದನ್ನೇ ನೋಡುತ್ತಿದ್ದರು. ಕಾಮನ್ ರೇಲ್ ಗಾಡಿಯಲ್ಲಿ ಆ ಅಭ್ಯಾಸ ಪ್ರಾಣಕ್ಕೆ ಎರವು. ರೇಲ್ ಒಳಗಿನ ಒತ್ತಡ 1000 ಬಾರ್ ಮೀರುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅದರ ಬದಲು ನಾಜಲ್‌ಗಳ ರಿಟರ್ನ್ ಪೈಪ್ ತೆಗೆದು, ಆಸ್ಪತ್ರೆಯ ಡ್ರಿಪ್ ನಳಿಕೆಗಳನ್ನು ಸಿಕ್ಕಿಸಿ, ಒಂದೇ ಅಳತೆಯ ಬಾಟಲಿಗಳಿಗೆ ಇಳಿಬಿಟ್ಟು ಐಡ್ಲಿಂಗ್‌ನಲ್ಲಿ ಓಡಿಸುತ್ತಾರೆ. ಬೇರೆ ಬಾಟಲಿಗಳ ತಳ ಮಾತ್ರ ಒದ್ದೆಯಾಗಿದ್ದು ಒಂದು ಅರ್ಧ ತುಂಬಿದ್ದರೆ ಆ ನಾಜಲ್ ಸೋರುತ್ತಿದೆ.

ಸ್ಕ್ಯಾನರ್ ಪಕ್ಷ

"ಸ್ಕ್ಯಾನರ್ ಚುಚ್ಚಿದರೆ ಎಲ್ಲಾ ಗೊತ್ತಾಗುತ್ತೆ, ನಿಮ್ಮ ತರ್ಕ ಯಾರಿಗೆ ಬೇಕು?" ಇದು ಹೊಸ ಹುಡುಗರ ಪಕ್ಷ. ಸ್ಕ್ಯಾನರ್ ಶಬ್ದಪ್ರಮಾಣ, ಆಪ್ತವಾಕ್ಯದಂತೆ ಅದಕ್ಕೆ ಗೌರವ ಸಲ್ಲಬೇಕು. ಪಿ0302 ಎಂದು ಬಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದರ್ಥ, ಕನೆಕ್ಟರ್ ಕಳಚುವ ಶ್ರಮ ಉಳಿಯಿತು. ಆದರೆ ಪ್ಲಗ್ಗೋ, ಕಾಯಿಲ್ಲೋ, ನಾಜಲ್ಲೋ, ವಾಲ್ವೋ ಎಂದು ಅದು ಹೇಳುವುದಿಲ್ಲ. ಕೋಡ್ ಬಂದೊಡನೆ ಕಾಯಿಲ್ ತರಲು ಬಳ್ಳಾರಿ ಬಸ್ಸು ಹತ್ತುವವರು ವಾಕ್ಯದಲ್ಲಿ ಇಲ್ಲದ ಅರ್ಥವನ್ನು ಓದುತ್ತಿದ್ದಾರೆ.

ಕೋಡ್ ಬಾರದಿದ್ದರೆ? ಇಲ್ಲಿ ಮೀಮಾಂಸಕರಲ್ಲೇ ಭಾಟ್ಟ ಪಂಥದವರ ಒಂದು ಎಚ್ಚರಿಕೆ ಅಕ್ಷರಶಃ ಅನ್ವಯಿಸುತ್ತದೆ. ಕಾಣಲಿಲ್ಲ ಎಂಬುದು 'ಇಲ್ಲ' ಎನ್ನಲು ಪ್ರಮಾಣವಾಗಬೇಕಾದರೆ, ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಯೋಗ್ಯತೆ ಮೊದಲು ಇರಬೇಕು. ಕಾರಿನ ಕಂಪ್ಯೂಟರ್ ಮಿಸ್ಸಿಂಗನ್ನು ಪತ್ತೆ ಮಾಡುವುದು ಕ್ರ್ಯಾಂಕಿನ ಸುತ್ತುವಿಕೆಯಲ್ಲಿ ಕ್ಷಣಮಾತ್ರ ಬೀಳುವ ತಡೆಯನ್ನು ಅಳೆದು. ಗುಂಡಿ ಬಿದ್ದ ರಸ್ತೆಯಲ್ಲಿ ಚಕ್ರಗಳ ಎಗರಾಟವೂ ಕ್ರ್ಯಾಂಕಿಗೆ ಅಂಥದೇ ತಡೆ ಕೊಡುತ್ತದೆ. ಹಾಗಾಗಿ ಎಷ್ಟೋ ಕಾರುಗಳಲ್ಲಿ ರಸ್ತೆ ಒರಟೆಂದು ಗೊತ್ತಾದೊಡನೆ ಈ ಎಣಿಕೆಯನ್ನೇ ಕಂಪ್ಯೂಟರ್ ನಿಲ್ಲಿಸುತ್ತದೆ. ದಿನವಿಡೀ ಕೆಟ್ಟ ರಸ್ತೆಯಲ್ಲೇ ಓಡುವ ಗಾಡಿಯಲ್ಲಿ ಮಿಸ್ಸಿಂಗ್ ಇದ್ದೂ ಕೋಡ್ ಇಲ್ಲದಿರಬಹುದು. ಇನ್ನು ಸಾಮಾನ್ಯ ರಬ್ಬರ್ ಮೌಂಟಿಂಗಿಗೆ ಸೆನ್ಸರೇ ಇಲ್ಲ. ಅದರ ಬಗ್ಗೆ ಸ್ಕ್ಯಾನರಿನ ಮೌನಕ್ಕೆ ಯಾವ ಬೆಲೆಯೂ ಇಲ್ಲ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ ಮಾತ್ರ ವಾದ ಸಾಕು, ಗಾಡಿ ನಿಲ್ಲಿಸಿ. ಕನ್ವರ್ಟರ್ ಸುಡುವಷ್ಟು ಮಿಸ್ಸಿಂಗ್ ಆಗುತ್ತಿದೆ ಎಂದು ಅದರ ಅರ್ಥ.

"ಹೊಸದು ಹಾಕಿದೆ, ನಿಂತುಹೋಯಿತು"

ಎಲ್ಲಕ್ಕಿಂತ ಗಟ್ಟಿಯಾದ ಪೂರ್ವಪಕ್ಷ ಇದು. ಕಾಯಿಲ್ ಬದಲಿಸಿದ ಮೇಲೆ ನಡುಕ ಹೋದರೆ ಕಾಯಿಲ್ಲೇ ಕಾರಣವಲ್ಲವೇ? ಅಲ್ಲದಿರಬಹುದು. ಕಾಯಿಲ್ ಹಾಕುವಾಗ ಕನೆಕ್ಟರ್ ಕಿತ್ತು ಕೂರಿಸಿರುತ್ತಾರೆ, ಪಿನ್ನಿನ ಹಸಿರು ಕಿಲುಬು ಉಜ್ಜಿ ಹೋಗಿರುತ್ತದೆ, ಪ್ಲಗ್ ಬಿಗಿಯಾಗಿರುತ್ತದೆ, ಬ್ಯಾಟರಿ ತಂತಿ ತೆಗೆದದ್ದರಿಂದ ಕಂಪ್ಯೂಟರ್ ಐಡ್ಲಿಂಗನ್ನು ಹೊಸದಾಗಿ ಕಲಿತಿರುತ್ತದೆ. ಇವುಗಳಲ್ಲಿ ಯಾವುದು ನಡುಕ ನಿಲ್ಲಿಸಿತು? ಅನ್ವಯ ಸಿಕ್ಕಿದೆ, ವ್ಯತಿರೇಕ ಸಿಕ್ಕಿಲ್ಲ.

ದುಡ್ಡು ಖರ್ಚಾಗುವ ಮೊದಲೇ ಎರಡನ್ನೂ ಪಡೆಯುವ ದಾರಿ ಇದೆ. ಎರಡನೇ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೆ, ಒಂದನೆಯದನ್ನು ಎರಡನೆಯದಕ್ಕೆ ಹಾಕಿ. ಮಿಸ್ಸಿಂಗ್ ಕಾಯಿಲ್ ಹಿಂದೆಯೇ ಒಂದನೆಯದಕ್ಕೆ ಹೋದರೆ ಕಾಯಿಲ್ ಕೆಟ್ಟಿದೆ. ಎರಡರಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಪ್ಲಗ್ಗನ್ನು, ಆಮೇಲೆ ನಾಜಲನ್ನು ಹೀಗೇ ಅದಲುಬದಲು ಮಾಡಿ. ಮೂರೂ ಚಲಿಸಿ ಮಿಸ್ಸಿಂಗ್ ಕದಲದಿದ್ದರೆ ಕಂಪ್ರೆಷನ್ ಗೇಜ್ ಹಚ್ಚಬೇಕು.

ಕಂಪ್ರೆಷನ್ನೂ ಸಮ, ಉರಿಯುವುದೂ ಸಮ, ಮೌಂಟಿಂಗೂ ಗಟ್ಟಿ, ಆದರೂ ಸುತ್ತಿನ ಜೊತೆ ನಡುಕ ಏರುತ್ತದೆ ಎಂದರೆ? ಮೀಮಾಂಸಕರ ಉದಾಹರಣೆಯಂತೆ, ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಬೇಕು. ಅರ್ಥಾಪತ್ತಿ ಎಂಬ ಈ ತರ್ಕ ನಮ್ಮನ್ನು ಯಾರೂ ನೋಡದ ಜಾಗಕ್ಕೆ ಕರೆದೊಯ್ಯುತ್ತದೆ: ಕ್ರ್ಯಾಂಕಿನ ಮುಂದಿನ ಪುಲ್ಲಿ. ಕೆಲವು ಗಾಡಿಗಳಲ್ಲಿ ಅದರ ಹೊರಬಳೆಗೂ ನಡುಗುಂಬಕ್ಕೂ ನಡುವೆ ರಬ್ಬರ್ ಇರುತ್ತದೆ. ಅದು ಬಿಟ್ಟುಕೊಂಡರೆ ಬಳೆ ಓಲಾಡುತ್ತದೆ. ಅಡ್ಡದಿಂದ ಟಾರ್ಚ್ ಬಿಟ್ಟರೆ ಬರಿಗಣ್ಣಿಗೇ ಕಾಣುತ್ತದೆ. ಅಲ್ಲೂ ಇಲ್ಲದಿದ್ದರೆ ಫ್ಲೈವೀಲ್, ಕ್ಲಚ್. ಗೇರ್ ಬಾಕ್ಸ್ ಇಳಿಸುವ ಮಾತು ಕೊನೆಗೆ ಬರಬೇಕಾದದ್ದು ಇಲ್ಲಿಯೇ.

ಸಂಗತಿ

"ಗಿರಾಕಿ ತಲೆ ಮೇಲೆ ನಿಂತಿರ್ತಾನೆ, ಇಷ್ಟೆಲ್ಲ ಯಾರು ಮಾಡ್ತಾರೆ ಸಾರ್?" ಎಂಬ ಆಕ್ಷೇಪಕ್ಕೆ ಉತ್ತರ ಚಿಕ್ಕದು: ಮೇಲಿನ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಸಾಮಾನೇ ಬೇಡ, ಒಂದು ಚಹಾ ಬರುವಷ್ಟರಲ್ಲಿ ಮುಗಿಯುತ್ತವೆ.

ಕ್ರಮದ ಪ್ರಶ್ನೆಯೊಂದು ಉಳಿಯಿತು. ಮಿಸ್ಸಿಂಗೂ ಇದೆ, ಮೌಂಟಿಂಗೂ ಹರಿದಿದೆ ಎಂದಾದರೆ ಯಾವುದು ಮೊದಲು? ಮಿಸ್ಸಿಂಗೇ ಮೊದಲು. ಹರಿದ ಮೌಂಟಿಂಗ್ ಸಣ್ಣ ತಪ್ಪನ್ನೂ ಸೀಟಿನವರೆಗೆ ತಂದು ಮುಟ್ಟಿಸುತ್ತದೆ. ಅದು ಇರುವಾಗಲೇ ಎಂಜಿನ್ ನಯವಾದರೆ ದುರಸ್ತಿ ಸರಿಯಾಗಿದೆ ಎಂದು ನಂಬಬಹುದು. ಹೊಸ ರಬ್ಬರ್ ಹಾಕಿಕೊಂಡು ಮಿಸ್ಸಿಂಗ್ ಹುಡುಕಲು ಹೊರಟರೆ ಸಾಕ್ಷಿಯನ್ನು ನಾವೇ ಮುಚ್ಚಿಹಾಕಿದಂತೆ. ಇದಕ್ಕೆ ಅಪವಾದ ಒಂದೇ. ಮೌಂಟಿಂಗ್ ಪೂರ್ತಿ ತುಂಡಾಗಿ ಎಂಜಿನ್ ಒಂದು ಕಡೆ ವಾಲಿ ರೇಡಿಯೇಟರ್ ಪೈಪನ್ನೋ ಡ್ರೈವ್ ಶಾಫ್ಟನ್ನೋ ಎಳೆಯುತ್ತಿದ್ದರೆ ಅದನ್ನೇ ಮೊದಲು ಬದಲಿಸಬೇಕು, ಪರೀಕ್ಷೆ ಆಮೇಲೆ.